ಹೇಳಿಕೆ ಸುಳ್ಳಾದರೆ ಸಾಕೇ? ಹೂಡಿಕೆದಾರರ ಮೊಕದ್ದಮೆಯ ಐದು ಮೆಟ್ಟಿಲು

ನಮ್ಮಲ್ಲಿ ಹಲವರು ಸಂಬಳದ ಜೊತೆ ಶೇರನ್ನೂ ಕೊಡುವ ಕಂಪನಿಗಳಲ್ಲಿ ಕೆಲಸ ಹುಡುಕುತ್ತಿದ್ದೇವೆ. ಇನ್ನು ಕೆಲವರಿಗೆ ಸ್ವಂತ ಸ್ಟಾರ್ಟಪ್‌ನ ಕನಸು. ಇಬ್ಬರಿಗೂ ಬೇಕಾದ ಪ್ರಶ್ನೆ ಒಂದೇ: ಕಂಪನಿ ಕಟ್ಟಿದವರ ಮಾತು ಸುಳ್ಳಾದರೆ, ನಂಬಿ ದುಡ್ಡು ಹಾಕಿದವರಿಗೆ ಪರಿಹಾರ ಸಿಗುತ್ತಾ?

ಅಮೆರಿಕದಲ್ಲಿ ಇಂಥ ಮೊಕದ್ದಮೆಗಳಿಗೆ ಆಧಾರ 1934ರ ಸೆಕ್ಯುರಿಟೀಸ್ ಎಕ್ಸ್‌ಚೇಂಜ್ ಕಾಯ್ದೆ ಮತ್ತು ಅದರಡಿಯ 10ಬಿ-5 ನಿಯಮ. ಹೂಡಿಕೆದಾರರು ಮುಖ್ಯವಾಗಿ ಐದು ಸಂಗತಿಗಳನ್ನು ಸಾಬೀತು ಮಾಡಬೇಕು:

1. ಹೇಳಿಕೆ ಸುಳ್ಳು, ಇಲ್ಲವೇ ದಾರಿ ತಪ್ಪಿಸುವಂಥದ್ದು.
2. ಹೂಡಿಕೆಯ ನಿರ್ಧಾರಕ್ಕೆ ಅದು ಮುಖ್ಯವಾದದ್ದು.
3. ಗೊತ್ತಿದ್ದೇ ಅಥವಾ ತೀರಾ ಬೇಜವಾಬ್ದಾರಿಯಿಂದ ಹೇಳಿದ್ದು.
4. ಅದನ್ನು ನಂಬಿ ಶೇರು ಕೊಂಡದ್ದು ಅಥವಾ ಮಾರಿದ್ದು.
5. ನಷ್ಟ ಆ ಹೇಳಿಕೆಯಿಂದಲೇ ಆದದ್ದು.

ಇವುಗಳಲ್ಲಿ ಒಂದು ಬಿದ್ದರೂ ಕೇಸು ಬಿದ್ದಂತೆಯೇ.

ಟೆಸ್ಲಾ ಪ್ರಕರಣವನ್ನೇ ನೋಡೋಣ. 2018ರ ಆಗಸ್ಟ್ 7ರಂದು ಎಲಾನ್ ಮಸ್ಕ್, ಶೇರಿಗೆ 420 ಡಾಲರ್‌ನಂತೆ ಕೊಟ್ಟು ಕಂಪನಿಯನ್ನು ಪೇಟೆಯಿಂದ ಹೊರತರುವ ಯೋಚನೆ ಇದೆ, ಅದಕ್ಕೆ ಹಣ ಖಚಿತವಾಗಿದೆ ಎಂದು ಟ್ವೀಟ್ ಮಾಡಿದರು. ಶೇರು ಅಂದೇ ಏರಿತು. ಅದೇ ತಿಂಗಳು ಯೋಜನೆ ಕೈಬಿಟ್ಟರು. ನಿಯಂತ್ರಣ ಸಂಸ್ಥೆ ಎಸ್‌ಇಸಿ ಜೊತೆಗಿನ ರಾಜಿಯಲ್ಲಿ ಮಸ್ಕ್ ಮತ್ತು ಟೆಸ್ಲಾ ತಲಾ 2 ಕೋಟಿ ಡಾಲರ್ ದಂಡ ಕಟ್ಟಿದರು.

ಹೂಡಿಕೆದಾರರೂ ಒಟ್ಟಾಗಿ ಕ್ಲಾಸ್ ಆ್ಯಕ್ಷನ್ ಮೊಕದ್ದಮೆ ಹೂಡಿದರು. ಹಣ ಖಚಿತ ಎಂಬ ಮಾತು ಸುಳ್ಳು, ಬೇಜವಾಬ್ದಾರಿಯದು ಎಂದು ನ್ಯಾಯಾಧೀಶರು ವಿಚಾರಣೆಗೆ ಮೊದಲೇ ತೀರ್ಮಾನಿಸಿದ್ದರು. ಅಂದರೆ ಒಂದನೇ, ಮೂರನೇ ಮೆಟ್ಟಿಲು ದಾಟಿದಂತಾಯ್ತು. ಆದರೂ 2023ರ ಫೆಬ್ರವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜ್ಯೂರಿ ಮಸ್ಕ್ ಹೊಣೆಗಾರರಲ್ಲ ಎಂದಿತು. ಸುಳ್ಳು ಎಂದು ತೋರಿಸುವುದು ಅರ್ಧ ದಾರಿ ಮಾತ್ರ, ನೋಡಿ.

ಹಾಗಂತ ಸ್ಟಾರ್ಟಪ್ ಮಾಡುವವರು ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ಥೆರಾನೋಸ್ ಶೇರುಪೇಟೆಗೆ ಬಂದೇ ಇರಲಿಲ್ಲ. ಆದರೂ ಹೂಡಿಕೆದಾರರನ್ನು ವಂಚಿಸಿದ್ದಕ್ಕೆ ಸ್ಥಾಪಕಿ ಎಲಿಜಬೆತ್ ಹೋಮ್ಸ್‌ಗೆ 2022ರಲ್ಲಿ 11 ವರ್ಷಕ್ಕೂ ಹೆಚ್ಚಿನ ಜೈಲುಶಿಕ್ಷೆಯಾಯಿತು.

ಇನ್ನೊಂದು ವ್ಯತ್ಯಾಸ ನೆನಪಿಡೋಣ. ಶೇರುಪೇಟೆಯಲ್ಲಿರುವ ಕಂಪನಿಗಳು ಸರಿಯಾದ ಎಚ್ಚರಿಕೆಯ ಮಾತಿನೊಂದಿಗೆ ಭವಿಷ್ಯದ ಅಂದಾಜು ಹೇಳಿದರೆ 1995ರ ಕಾಯ್ದೆ ರಕ್ಷಣೆ ಕೊಡುತ್ತದೆ. ಇವತ್ತಿನ ಸ್ಥಿತಿಯ ಬಗ್ಗೆ ಹೇಳುವ ಸುಳ್ಳಿಗೆ ಆ ರಕ್ಷಣೆ ಇಲ್ಲ. ಆದ್ದರಿಂದ ಪಿಚ್ ಡೆಕ್ ಬರೆಯುವಾಗಲೂ ಓದುವಾಗಲೂ ಪ್ರತಿ ಸಾಲಿಗೂ ಕೇಳೋಣ: ಇದು "ಆಗಿದೆ"ಯೋ, "ಆಗಬಹುದು"ವೋ? "ಆಗಿದೆ" ಎಂದಿದ್ದರೆ ಕಾಗದಪತ್ರ ಎಲ್ಲಿದೆ?