ಕರಸ್ಥಲದ ನೋಟವೂ ಅನ್ಯರ ಅಳತೆಯೂ

ಇಷ್ಟಲಿಂಗವನ್ನು ಎಡದ ಅಂಗೈಯಲ್ಲಿರಿಸಿ ಅದರಲ್ಲಿ ದೃಷ್ಟಿಯನ್ನು ನೆಡುವುದು ವೀರಶೈವನ ನಿತ್ಯಕ್ರಮ. ನೋಟವು ಅಲೆಯದೆ ನಿಂತಲ್ಲಿ ಮನಸ್ಸೂ ನಿಲ್ಲುವುದೆಂಬುದೇ ಅದರ ಮರ್ಮ. ಇಂದು ಅದೇ ಅಂಗೈಯನ್ನು ದಿನದ ಬಹುಭಾಗ ಮೊಬೈಲು ಆಕ್ರಮಿಸಿದೆ. ಅಲ್ಲಿ ನೋಟಕ್ಕೆ ನಿಲುಗಡೆಯೇ ಇಲ್ಲ.

ಸೋಮವಾರಪೇಟೆ, ಶನಿವಾರಸಂತೆಗಳ ಕಡೆಯ ತರುಣನೊಬ್ಬನನ್ನು ಭಾವಿಸಬಹುದು. ಪದವಿ ಮುಗಿಸಿ ತಂದೆಯ ಕಾಫಿ ತೋಟವನ್ನು ನೋಡಿಕೊಳ್ಳುತ್ತಿದ್ದಾನೆ. ದಿನವಿಡೀ ಮಳೆಯಲ್ಲಿ ದುಡಿದು ಸಂಜೆ ಇನ್‌ಸ್ಟಾಗ್ರಾಮ್ ತೆರೆದರೆ ಒಬ್ಬ ಸಹಪಾಠಿಯ ಬೆಂಗಳೂರಿನ ಕಚೇರಿ, ಮತ್ತೊಬ್ಬನ ಹೊಸ ಕಾರು, ಮಗದೊಬ್ಬನ ವಿದೇಶಪ್ರವಾಸ. ತನ್ನ ದುಡಿಮೆಯಲ್ಲಿ ಕೊರತೆಯಿಲ್ಲದಿದ್ದರೂ ತಾನೇ ಕಿರಿದಾದೆನೆಂಬ ಕೊರಗು ಅವನನ್ನು ಹಿಡಿಯುತ್ತದೆ.

ಹೂಮಳೆಯ ಬಳಿಕ ತೋಟವು ಬೆಳ್ಳಗೆ ಬಿರಿದಿರುವುದು ಕೆಲವೇ ದಿನ. ಜನರು ಪಟ ತೆಗೆಯುವುದು ಆ ದಿನಗಳಲ್ಲಿಯೇ. ನೆರಳು ಸವರುವುದು, ಚಿಗುರು ತೆಗೆಯುವುದು, ಕಾಂಡಕೊರಕ ಹಿಡಿದ ಗಿಡವನ್ನು ಸಂಕಟದಿಂದ ಕಿತ್ತು ಸುಡುವುದು, ಇವು ಪಟದಲ್ಲಿ ಬಾರವು. ಗಿಡದ ವಿಷಯದಲ್ಲಿ ಚೆನ್ನಾಗಿ ಬಲ್ಲ ಈ ಮಾತನ್ನು ತರುಣನು ಗೆಳೆಯರ ಬಾಳಿನ ವಿಷಯದಲ್ಲಿ ಮರೆತುಬಿಡುತ್ತಾನೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1954ರಲ್ಲಿಯೇ ಇದನ್ನು ವಿಚಾರಿಸಿದ್ದನು. ಬೇರೆ ಅಳತೆಗೋಲು ದೊರೆಯದಿದ್ದಾಗ ಮನುಷ್ಯನು ಅನ್ಯರನ್ನು ನೋಡಿ ತನ್ನನ್ನು ಅಳೆದುಕೊಳ್ಳುತ್ತಾನೆ, ಅದರಲ್ಲಿಯೂ ತನ್ನಂತಹವರನ್ನೇ ಆರಿಸಿಕೊಳ್ಳುತ್ತಾನೆ ಎಂಬುದು ಅವನ ಮತ. ಚಿತ್ರನಟನ ಅರಮನೆಗಿಂತ ಒಂದೇ ಬೆಂಚಿನಲ್ಲಿ ಕುಳಿತವನ ಕಾರು ಹೆಚ್ಚು ಚುಚ್ಚುವುದು ಇದರಿಂದಲೇ.

ಆ ಬೇರೆ ಅಳತೆಗೋಲನ್ನು ಶರಣರು ಕಾಯಕದಲ್ಲಿ ಕಂಡುಕೊಂಡಿದ್ದರು. ಆಯ್ದಕ್ಕಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ತಂದೆಡೆಗೇ ಸುರಿದು ಬರಬೇಕೆಂದು ಲಕ್ಕಮ್ಮನು ಹಿಂದಕ್ಕೆ ಕಳುಹಿದಳೆಂಬುದು ಪ್ರಸಿದ್ಧ. ಅಂಗಳದಲ್ಲಿ ಎಷ್ಟು ಚೆಲ್ಲಿತ್ತು, ಇತರರು ಎಷ್ಟು ಆಯ್ದರು ಎಂಬುದು ಆಕೆಯ ಲೆಕ್ಕಕ್ಕೆ ಬರಲಿಲ್ಲ. ತಮ್ಮ ಕಾಯಕವೆಷ್ಟು, ದಾಸೋಹಕ್ಕೆ ಬೇಕಾದುದೆಷ್ಟು ಎಂಬುದಷ್ಟೇ ಬಂದಿತು. ಹೆಚ್ಚು ಬಂದಾಗ ಹಿಗ್ಗಿಸದ ಈ ಅಳತೆ, ನೆರೆಯವನಿಗೆ ಹೆಚ್ಚಾದಾಗ ಕುಗ್ಗಿಸುವುದೂ ಇಲ್ಲ. ಹಾಗೆಂದು ಉತ್ತಮ ಸ್ಥಿತಿಯನ್ನು ಬಯಸುವುದು ದೋಷವಲ್ಲ. ಮಳೆಯನ್ನೂ ಬೆಲೆಯನ್ನೂ ನೆಚ್ಚಿದ ತೋಟದವನ ಚಿಂತೆ ಸುಳ್ಳೂ ಅಲ್ಲ.

ಇದರಲ್ಲಿ ಹಿರಿಯರ ಪಾಲೂ ಉಂಟು. ಮದುವೆಮನೆಯ ಪಂಕ್ತಿಯಲ್ಲಿ ಕುಳಿತು ಅನ್ಯರ ಮಗನ ಸಂಬಳವನ್ನು ತಮ್ಮ ಮಗನ ಕಿವಿಗೆ ಬೀಳುವಂತೆ ಆಡುವ ತಂದೆತಾಯಿಗಳು ಮೊಬೈಲನ್ನು ಮಾತ್ರ ದೂರುವುದು ನ್ಯಾಯವಲ್ಲ. ಸಂಜೆಯ ಲಿಂಗಪೂಜೆಯ ವೇಳೆಗೆ ಹಿರಿಯರ ಮೊಬೈಲೂ ಕಿರಿಯರ ಮೊಬೈಲೂ ಬೇರೆ ಕೋಣೆಯಲ್ಲಿರಲಿ. ಪೂಜೆ ಮುಗಿದು ಪ್ರಸಾದಕ್ಕೆ ಕುಳಿತಾಗ, ಕಾಂಡಕೊರಕದಿಂದ ಈ ವರುಷ ಎಷ್ಟು ಗಿಡಗಳನ್ನು ಉಳಿಸಿದೆಯೆಂದು ಮಗನನ್ನು ಕೇಳಲಿ, ಅವನು ಹೇಳಿ ಮುಗಿಸುವವರೆಗೆ ಕೇಳಿಸಿಕೊಳ್ಳಲಿ.