ವಿದ್ಯಾರ್ಥಿ ಸಂಘಟನೆಗಳ ಹಿಂದಿನ ಮುಂದಾಳುಗಳು

ನಮ್ಮ ದೇಶದ ವಿದ್ಯಾರ್ಥಿಗಳಿಗೆ ಒಂದು ಅಖಿಲ ಭಾರತ ಸಂಘಟನೆ ದೊರೆತುದು ೧೯೩೬ರ ಆಗಸ್ಟ್ ತಿಂಗಳಲ್ಲಿ. ಲಖನೌದಲ್ಲಿ ಜರುಗಿದ ಆ ಸಮ್ಮೇಳನವನ್ನು ಜವಾಹರಲಾಲ ನೆಹರೂ ಅವರು ಉದ್ಘಾಟಿಸಿದರು. ಮಹಮ್ಮದ ಅಲಿ ಜಿನ್ನಾ ಅವರು ಅಧ್ಯಕ್ಷತೆ ವಹಿಸಿದ್ದರು. ಪ್ರೇಮನಾರಾಯಣ ಭಾರ್ಗವ ಅವರು ಫೆಡರೇಶನ್ನಿನ ಪ್ರಥಮ ಪ್ರಧಾನ ಕಾರ್ಯದರ್ಶಿಗಳಾದರು. ಪರಕೀಯರ ಆಳ್ವಿಕೆಯಿಂದ ಬಿಡುಗಡೆ ಹೊಂದುವುದೇ ಅಂದಿನ ತರುಣರ ಮುಖ್ಯ ಗುರಿಯಾಗಿದ್ದಿತು.

ಸ್ವಾತಂತ್ರ್ಯಾನಂತರ ವಿಚಾರಭೇದಕ್ಕೆ ಅನುಗುಣವಾಗಿ ಸಂಘಟನೆಗಳೂ ಕವಲೊಡೆದವು. ೧೯೪೯ರಲ್ಲಿ ಅಖಿಲ ಭಾರತೀಯ ವಿದ್ಯಾರ್ಥಿ ಪರಿಷತ್ತು ನೋಂದಣಿಗೊಂಡಿತು. ಅದರ ರಾಷ್ಟ್ರೀಯ ಅಧ್ಯಕ್ಷ ಸ್ಥಾನವು ಅಧ್ಯಾಪಕರಿಗೆ ಸಲ್ಲುತ್ತ ಬಂದಿರುವುದು ಶಿಕ್ಷಕ ಬಂಧುಗಳು ಗಮನಿಸತಕ್ಕ ಸಂಗತಿ. ೧೯೭೦ರ ಡಿಸೆಂಬರದಲ್ಲಿ ತಿರುವನಂತಪುರದಲ್ಲಿ ಭಾರತ ವಿದ್ಯಾರ್ಥಿ ಫೆಡರೇಶನ್ ಸ್ಥಾಪನೆಯಾಗಿ, ಸಿ. ಭಾಸ್ಕರನ್ ಅಧ್ಯಕ್ಷರೂ ಬಿಮನ್ ಬೋಸ್ ಪ್ರಧಾನ ಕಾರ್ಯದರ್ಶಿಗಳೂ ಆದರು. ೧೯೭೧ರ ಏಪ್ರಿಲ್ ೯ರಂದು ಕೇರಳ, ಬಂಗಾಲಗಳ ಎರಡು ಸಂಘಟನೆಗಳು ಕೂಡಿ ಭಾರತ ರಾಷ್ಟ್ರೀಯ ವಿದ್ಯಾರ್ಥಿ ಒಕ್ಕೂಟವು ಜನಿಸಿತು. ರಂಗರಾಜನ್ ಕುಮಾರಮಂಗಲಂ ಅದರ ಮೊದಲ ಅಧ್ಯಕ್ಷರು.

ಈ ಇತಿಹಾಸದಲ್ಲಿ ನಮ್ಮ ಅವಳಿ ನಗರಕ್ಕೂ ಸ್ಥಾನವುಂಟು. ಹುಬ್ಬಳ್ಳಿಯಲ್ಲಿ ಕಲೆ ಹಾಗೂ ಕಾನೂನು ವ್ಯಾಸಂಗ ಮಾಡಿದ ಅನಂತಕುಮಾರರು ತುರ್ತುಪರಿಸ್ಥಿತಿಯ ಕಾಲದಲ್ಲಿ ಸೆರೆಮನೆವಾಸ ಅನುಭವಿಸಿದರು. ಪರಿಷತ್ತಿನ ರಾಜ್ಯ ಕಾರ್ಯದರ್ಶಿಗಳಾಗಿ, ೧೯೮೫ರಲ್ಲಿ ರಾಷ್ಟ್ರೀಯ ಕಾರ್ಯದರ್ಶಿಗಳಾದರು. ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ದತ್ತಾತ್ರೇಯ ಹೊಸಬಾಳೆಯವರೂ ಅದೇ ಸಂಘಟನೆಯ ಅಖಿಲ ಭಾರತ ಹೊಣೆಯನ್ನು ಹಲವು ವರ್ಷ ನಿರ್ವಹಿಸಿದರು.

೧೯೯೮ರಲ್ಲಿ ಅಟಲ ಬಿಹಾರಿ ವಾಜಪೇಯಿಯವರ ಮಂತ್ರಿಮಂಡಲ ರಚನೆಯಾದಾಗ, ವಿದ್ಯಾರ್ಥಿ ಪರಿಷತ್ತಿನ ಅನಂತಕುಮಾರರೂ ಒಂದು ಕಾಲಕ್ಕೆ ಕಾಂಗ್ರೆಸ್ಸಿನ ವಿದ್ಯಾರ್ಥಿ ಒಕ್ಕೂಟದ ಮುಂದಾಳುವಾಗಿದ್ದ ಕುಮಾರಮಂಗಲಂ ಅವರೂ ಅಲ್ಲಿ ಜೊತೆಗೂಡಿದರು. ತಾರುಣ್ಯದಲ್ಲಿ ಹಿಡಿದ ಪಕ್ಷ ಬದಲಾಗಬಹುದು. ಸಭೆ ನಡೆಸುವ, ಎದುರಾಳಿಯ ಮಾತನ್ನು ಕೇಳುವ, ಸೋತರೂ ಕೆಲಸ ಬಿಡದಿರುವ ಅಭ್ಯಾಸ ಉಳಿಯುತ್ತದೆಂಬುದಕ್ಕೆ ಇಂಥವರ ಬಾಳು ನಿದರ್ಶನ.

ಆದರೆ ಇಂದು ಆ ಅಭ್ಯಾಸಕ್ಕೆ ಅವಕಾಶವೆಲ್ಲಿ? ೧೯೮೯ರ ಮಾರ್ಚ್ ೨೮ರಿಂದ ಹದಿನೆಂಟು ತುಂಬಿದವರಿಗೆ ಮತದಾನದ ಹಕ್ಕು ಲಭಿಸಿತು. ಹೆಚ್ಚು ಕಡಿಮೆ ಅದೇ ಕಾಲಕ್ಕೆ ನಮ್ಮ ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘಗಳ ಚುನಾವಣೆಗಳು ನಿಂತವು. ಗಲಭೆ, ಹಣದ ಹಾವಳಿ, ಪಕ್ಷಗಳ ಹಸ್ತಕ್ಷೇಪ ಇವುಗಳ ಭಯ ನಿರಾಧಾರವಾದುದಲ್ಲ. ಆ ದೋಷಗಳನ್ನು ತಡೆಯಲೆಂದೇ ಲಿಂಗ್ಡೋ ಸಮಿತಿಯು ೨೦೦೬ರಲ್ಲಿ ವೆಚ್ಚದ ಮಿತಿ, ಹಾಜರಾತಿ ಮೊದಲಾದ ನಿಯಮಗಳನ್ನು ಸೂಚಿಸಿತು. ರೋಗಕ್ಕೆ ಔಷಧವಿರುವಾಗ ಅಂಗವನ್ನೇ ಕತ್ತರಿಸುವುದು ವಿವೇಕವೆನಿಸದು.

ಲಕಮನಹಳ್ಳಿಯಂಥ ಊರಿನ ಬಡ ರೈತನ ಮಗನಿಗೂ ಕಾರ್ಮಿಕನ ಮಗಳಿಗೂ ಮನೆತನದ ಬಲವಿಲ್ಲ, ಹಣದ ಬಲವಿಲ್ಲ. ಮುಂದಾಳುತನಕ್ಕೆ ಅವರಿಗಿರುವ ಹತ್ತಿರದ ಮೆಟ್ಟಿಲು ಶಾಲೆಯೇ. ವರ್ಗದ ಪ್ರತಿನಿಧಿಯನ್ನು ಮಕ್ಕಳೇ ಗುಪ್ತ ಮತದಿಂದ ಆರಿಸಲಿ; ವಾಚನಾಲಯದ, ಸ್ನೇಹಸಮ್ಮೇಳನದ ಲೆಕ್ಕವನ್ನು ಅವರೇ ಬರೆದು ಸಭೆಗೆ ಒಪ್ಪಿಸಲಿ. ಶಿಕ್ಷಕರು ಮಾರ್ಗದರ್ಶನ ಮಾಡಲಿ, ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಪ್ರೋತ್ಸಾಹ ನೀಡಲಿ. ನಾಳಿನ ಮುಂದಾಳುಗಳು ಇಂಥ ಸಣ್ಣ ಹೊಣೆಗಳಲ್ಲಿಯೇ ಸಿದ್ಧರಾಗುವರು.