ಮನೆಗೆ ಗೊತ್ತಿರುವುದನ್ನೇ ಕೇಳಿ

ತುಮಕೂರು ಸೀಮೆಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಪಾಠ ಮಾಡುವವಳು ನಾನು. ದಿನಕ್ಕೆ ಎರಡು ಪುಟ ಕಾಪಿ, ಐದು ಸಲ ಮಗ್ಗಿ ಎಂಬ ಹೋಂವರ್ಕನ್ನು ಬಿಟ್ಟು, ವಾರಕ್ಕೊಂದೇ ಕೆಲಸವನ್ನು, ಅದೂ ಮನೆಮಂದಿಯ ಜೊತೆ ಕೂತು ಮಾಡುವಂಥದ್ದನ್ನು ಕೊಡುವ ರೂಢಿ ಮಾಡಿಕೊಂಡು ಬಹಳ ಕಾಲವಾಯಿತು. ಕಾರಣ ಇಷ್ಟೇ. ದಿನದ ಹೋಂವರ್ಕು ಅಕ್ಷರ ಬಲ್ಲವರಿರುವ ಮನೆಯಲ್ಲಿ ಮಾತ್ರ ಸರಿಯಾಗಿ ನಡೆಯುತ್ತದೆ. ಇಲ್ಲದ ಮನೆಯ ಮಗು ಬೆಳಗ್ಗೆ ಎದ್ದು ಹೊಟ್ಟೆನೋವು ಎನ್ನುತ್ತದೆ. ಓದಲು ಬಾರದ ಅಜ್ಜಿಯೂ ಮೊಮ್ಮಗುವಿನ ಜೊತೆ ಕೂತು ಪೂರ್ತಿ ಮುಗಿಸಬಹುದಾದ ಕೆಲಸವನ್ನೇ ಕೊಡಬೇಕು ಎಂಬುದು ನನ್ನ ಹಟ. ಆ ಹಟದಿಂದ ಕಲಿತ ಕೆಲವನ್ನು ಸಹೋದ್ಯೋಗಿಗಳ ಮುಂದಿಡುತ್ತಿದ್ದೇನೆ.

1. ಇಡೀ ವಾರ ಕೊಡಿ

ನಾನು ಬುಧವಾರ ಕೊಟ್ಟು ಮುಂದಿನ ಬುಧವಾರ ಕೇಳುತ್ತೇನೆ. ಎಲ್ಲ ಮನೆಗೂ ಒಂದೇ ದಿನ ಬಿಡುವಿರುವುದಿಲ್ಲ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡದ ಪದ್ಧತಿಯನ್ನು ಟ್ರ್ಯಾಕ್ಟರ್ ಬಂದ ಮೇಲೂ ನಮ್ಮ ಕಡೆ ಅನೇಕರು ಬಿಟ್ಟಿಲ್ಲ. ಬೇಸಾಯದ ಮನೆಗೆ ಅವತ್ತು ತುಸು ಉಸಿರು. ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರಿಗೆ ಭಾನುವಾರವೇ ರಜ. ಸಂತೆಯಲ್ಲಿ ಸೊಪ್ಪು ತರಕಾರಿ ಇಡುವವರಿಗೆ ಸಂತೆಯ ದಿನವೊಂದು ಬಿಟ್ಟು ಯಾವುದಾದರೂ ಆದೀತು. ಏಳು ದಿನದಲ್ಲಿ ಒಂದು ಸಂಜೆ ಎಲ್ಲರಿಗೂ ಸಿಕ್ಕೇ ಸಿಗುತ್ತದೆ. ‘ನಾಳೆ ತನ್ನಿ’ ಎಂದರೆ ಕೆಲವೇ ಮನೆಗಳಿಗೆ ಹೇಳಿದ ಹಾಗಾಗುತ್ತದೆ.

2. ಉತ್ತರ ಮನೆಯಲ್ಲಿರಲಿ, ಗೈಡಿನಲ್ಲಿ ಬೇಡ

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಪೋಷಕರ ಸಭೆಯಲ್ಲಿ ಮತ್ತೆ ಮತ್ತೆ ಕೇಳುವ ಮಾತೊಂದಿದೆ: “ಮೇಡಮ್ಮೋರೆ, ನಮಗೆ ಅಕ್ಷರ ಬರಾಕಿಲ್ಲ, ಮಗೀಗೆ ಏನು ಹೇಳ್ಕೊಡಾನ?” ನಾನು ಹೇಳುವುದು ಒಂದೇ: “ನೀವು ಪಾಠ ಹೇಳಿಕೊಡುವುದು ಬೇಡಮ್ಮಾ, ಅದು ನನ್ನ ಕೆಲಸ. ನಿಮಗೆ ಗೊತ್ತಿರೋದನ್ನ ಮಗು ಕೇಳುತ್ತೆ, ಹೇಳಿ ಸಾಕು.”

ನಾಲ್ಕನೇ ತರಗತಿಗೆ ಕೊಡುವ ಒಂದು ಕೆಲಸ ಹೀಗಿದೆ. ಒಂದು ಪಾವು ರಾಗಿ ಹಿಟ್ಟಿಗೆ ನಿಮ್ಮ ಮನೆಯಲ್ಲಿ ಎಷ್ಟು ಮುದ್ದೆ ಆಗುತ್ತವೆ? ಎಸರಿಗೆ ನೀರು ಎಷ್ಟು? ಯಾವುದರಲ್ಲಿ ಅಳೆಯುತ್ತಾರೆ? ಉತ್ತರಗಳು ಮನೆಗೊಂದು ಬರುತ್ತವೆ. ಕೆಲವರು ಪಾವಿನಲ್ಲಿ ಅಳೆದರೆ ಕೆಲವರು ಚೊಂಬಿನಲ್ಲಿ ಅಳೆಯುತ್ತಾರೆ, ಎಷ್ಟೋ ಮನೆಗಳಲ್ಲಿ ಎಲ್ಲವೂ ಕೈ ಅಂದಾಜು. ಎಲ್ಲವನ್ನೂ ಹಲಗೆಯ ಮೇಲೆ ಬರೆದರೆ ಜಗಳ ಶುರುವಾಗುತ್ತದೆ, ಅದೇ ನನಗೆ ಬೇಕಾದದ್ದು. ಹೊಲದ ಕೆಲಸಕ್ಕೆ ಹೋಗುವವರ ಮನೆಯಲ್ಲಿ ಮುದ್ದೆ ದೊಡ್ಡದು, ಅದಕ್ಕೇ ಕಡಿಮೆ ಆಗುತ್ತವೆ ಎಂದು ಮಕ್ಕಳೇ ಕಂಡುಹಿಡಿಯುತ್ತಾರೆ. ನಾಲ್ಕು ಪಾವಿಗೆ ಒಂದು ಸೇರು, ಹಾಗಾದರೆ ಒಂದು ಸೇರಿಗೆ ಎಷ್ಟು ಮುದ್ದೆ ಎಂದು ಕೇಳಿದಾಗ ಗುಣಾಕಾರಕ್ಕೆ ಊಟದ ವಾಸನೆ ಬಂದಿರುತ್ತದೆ.

ಮುಂದಿನ ವಾರ ಇದನ್ನೇ ಬೆಳೆಸುತ್ತೇನೆ. ಒಂದು ಸೇರು ರಾಗಿಯೂ ಒಂದು ಸೇರು ಮಂಡಕ್ಕಿಯೂ ತಕ್ಕಡಿಯಲ್ಲಿ ಒಂದೇ ತೂಗುತ್ತವೆಯೇ? ಮನೆಯವರನ್ನು ಮೊದಲು ಕೇಳಿ, ಆಮೇಲೆ ಅಂಗಡಿಯವರ ತಕ್ಕಡಿ ನೋಡಿ. ಅಳತೆ ಬೇರೆ, ತೂಕ ಬೇರೆ ಎಂಬುದು ಪುಸ್ತಕದಲ್ಲಿ ಲೀಟರು, ಕಿಲೋಗ್ರಾಂ ಎಂದು ಎರಡು ಬೇರೆ ಅಧ್ಯಾಯಗಳಲ್ಲಿದೆ. ಸೇರಿನಲ್ಲಿ ಕಾಳು ಅಳೆದ ಅಜ್ಜಿಗೆ ಅದು ಕೈಯಲ್ಲೇ ಇದೆ. ಆ ತಿಳಿವಳಿಕೆಯನ್ನು ಮಗು ಶಾಲೆಗೆ ಹೊತ್ತು ತಂದು ‘ನಮ್ಮಜ್ಜಿ ಹೇಳಿದ್ರು’ ಎಂದಾಗ ಮನೆಯ ಬಗ್ಗೆ ಅದಕ್ಕಿರುವ ಭಾವವೇ ಬದಲಾಗುತ್ತದೆ. ಓದು ಬಾರದ ಹಿರಿಯರನ್ನು ಏನೂ ತಿಳಿಯದವರೆಂದು ಮಕ್ಕಳು ಎಣಿಸುವುದು ಶಾಲೆಗೆ ಬರಲು ತೊಡಗಿದ ಮೇಲೆ. ಆ ಎಣಿಕೆಯನ್ನು ಅಳಿಸುವ ಹೊಣೆಯೂ ಶಾಲೆಯದೇ ಎಂದು ನಾನು ನಂಬಿದ್ದೇನೆ.

3. ದುಡ್ಡು ಬೇಡುವ ಕೆಲಸ ಕೊಡಬೇಡಿ

ಥರ್ಮಾಕೋಲು, ಚಾರ್ಟ್ ಶೀಟು, ಮಿಂಚಿನ ಪುಡಿ, ಸೈಬರ್ ಸೆಂಟರಿನ ಕಲರ್ ಪ್ರಿಂಟು ಇವು ಯಾವುವೂ ಬೇಡ. ಹುಣಸೆ ಬೀಜ, ಬೆಂಕಿಪೊಟ್ಟಣ, ಎಲೆ, ಕಲ್ಲು, ಹಳೇ ಕ್ಯಾಲೆಂಡರಿನ ಹಿಂಬದಿ ಸಾಕು. ‘ಪ್ರಾಜೆಕ್ಟ್’ ಎಂದು ಬರುವ ಎಷ್ಟೋ ಕೆಲಸವನ್ನು ಕೊನೆಗೆ ಮಾಡುವವರು ಜೆರಾಕ್ಸ್ ಅಂಗಡಿಯವರು.

4. ಒಂದು, ಎರಡನೇ ತರಗತಿಗೆ ಬರವಣಿಗೆಯೇ ಬೇಡ

ಇದು ನನ್ನೊಬ್ಬಳ ಅಭಿಪ್ರಾಯವಲ್ಲ. ಎರಡನೇ ತರಗತಿಯವರೆಗೆ ಹೋಂವರ್ಕ್ ಕೂಡದು ಎಂದು ಮದ್ರಾಸ್ ಹೈಕೋರ್ಟ್ 2018ರಲ್ಲಿ ಹೇಳಿತು. ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿಯೂ ಅದನ್ನೇ ಹೇಳಿ, ಮೂರರಿಂದ ಐದನೇ ತರಗತಿಗೆ ವಾರಕ್ಕೆ ಹೆಚ್ಚೆಂದರೆ ಎರಡು ಗಂಟೆ ಎಂದು ಮಿತಿ ಹಾಕಿತು. ದಿನಕ್ಕಲ್ಲ, ವಾರಕ್ಕೆ. ‘ನಮ್ಮ ಮಗುವಿಗೆ ಹೋಂವರ್ಕೇ ಇಲ್ಲ, ಪ್ರೈವೇಟ್ ಶಾಲೆಯಲ್ಲಿ ನೋಡಿ’ ಎಂದು ಬರುವ ಪೋಷಕರಿಗೆ ನಾನು ಇದನ್ನು ನಿಧಾನವಾಗಿ ತಿಳಿಸಿ ಹೇಳುತ್ತೇನೆ.

1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂದ ನಲಿಕಲಿಯಲ್ಲಿ ಮಗು ಕಲಿಕಾ ಏಣಿಯನ್ನು ತನ್ನ ವೇಗದಲ್ಲೇ ಹತ್ತುತ್ತದೆ. ಹಗಲು ಹಾಗೆ ಕಲಿತ ಮಗುವಿಗೆ ರಾತ್ರಿ ಎಲ್ಲರಿಗೂ ಒಂದೇ ಅಳತೆಯ ಕಾಪಿ ಕೊಡುವುದು ಹೊಂದುವುದಿಲ್ಲ. ಅವರಿಗೆ ನಾನು ಹೇಳುವುದು ಬಾಯಿಮಾತಿನ ಕೆಲಸ: ಒಂದು ಒಗಟು ಕಲಿತು ಬಾ, ಊಟಕ್ಕೆ ಕೂತವರಿಗೆ ತಟ್ಟೆ ಎಣಿಸಿ ಇಡು, ಇವತ್ತು ಶಾಲೆಯಲ್ಲಿ ಕೇಳಿದ ಕಥೆಯನ್ನು ತಾತನಿಗೆ ಹೇಳು. ಮಾಡದಿದ್ದರೂ ಕೇಳುವವರಿಲ್ಲ. ಆದರೆ ಒಗಟು ತಂದ ಮಗುವನ್ನು ನಿಲ್ಲಿಸುವುದು ಕಷ್ಟ.

5. ಆಟವೇ ಹೋಂವರ್ಕಾಗಲಿ

ಚೌಕಾಬಾರ ಆಡದ ಅಜ್ಜಿಯರು ನಮ್ಮ ಊರುಗಳಲ್ಲಿ ಕಡಿಮೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದು ಸಾಲು, ಸಾಲಿಗೆ ಐದರಂತೆ 25 ಮನೆ. ಒಡೆದು ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದ ನಾಲ್ಕು ಹುಣಸೆ ಬೀಜ. ಬಿಳಿ ಮೇಲಾಗಿ ಬಿದ್ದಷ್ಟು ಮನೆ ನಡೆಯಬೇಕು. ನಾಲ್ಕೂ ಬಿಳಿಯಾದರೆ ಚೌಕ, ನಾಲ್ಕು. ಒಂದೂ ಬಿಳಿಯಾಗದಿದ್ದರೆ ಬಾರ, ಎಂಟು. ಎರಡಕ್ಕೂ ಮತ್ತೊಂದು ಸಲ ಹಾಕುವ ಅವಕಾಶ.

ಐದನೇ ತರಗತಿಗೆ ಹೇಳುತ್ತೇನೆ: ಮನೆಯ ಹಿರಿಯರೊಬ್ಬರ ಜೊತೆ ಆಡಿ, ಪ್ರತಿ ಸಲ ಏನು ಬಿತ್ತೆಂದು ಗೆರೆ ಹಾಕಿಕೊಂಡು ಬನ್ನಿ. ಎಲ್ಲರ ಗೆರೆಗಳನ್ನೂ ಕೂಡಿಸಿದಾಗ ಸಾಮಾನ್ಯವಾಗಿ ಎರಡು ಹೆಚ್ಚಾಗಿ ಕಾಣುತ್ತದೆ, ಚೌಕ ಬಾರಗಳು ಅಪರೂಪ. ಯಾಕೆ? ನಾಲ್ಕು ಬೀಜ ಬೀಳುವ ಬಗೆಗಳನ್ನು ಕಪ್ಪು ಬಿಳಿ ಎಂದು ಬರೆಯುತ್ತಾ ಹೋದರೆ ಒಟ್ಟು 16. ಅದರಲ್ಲಿ ಎರಡು ಬಿಳಿ ಬರುವ ಬಗೆ 6, ಒಂದು ಬಿಳಿ 4, ಮೂರು ಬಿಳಿ 4, ಚೌಕ ಒಂದು, ಬಾರ ಒಂದು. ಬೀಜ ನಾಣ್ಯದ ಹಾಗೆ ಸಮವಾಗಿರುವುದಿಲ್ಲ, ಅದಕ್ಕೇ ಮನೆಮನೆಯ ಲೆಕ್ಕ ಇದಕ್ಕೆ ಪೂರ್ತಿ ಕೂಡುವುದಿಲ್ಲ. ಆ ವ್ಯತ್ಯಾಸದ ಬಗ್ಗೆಯೂ ಒಳ್ಳೆಯ ಮಾತು ಹುಟ್ಟುತ್ತದೆ. ಹೈಸ್ಕೂಲಿನ ಸಂಭವನೀಯತೆಯ ಪಾಠಕ್ಕೆ ಬೇಕಾದ ಬೇರು ಇಲ್ಲೇ ಇಳಿದಿರುತ್ತದೆ, ಅಜ್ಜಿಯೂ ಗೆದ್ದಿರುತ್ತಾರೆ.

6. ಮಗುವಿನ ಮನೆಯನ್ನು ಬಯಲಿಗೆಳೆಯುವ ಪ್ರಶ್ನೆ ಕೇಳಬೇಡಿ

ಕುಟುಂಬದ ಜೊತೆ ಮಾಡುವ ಕೆಲಸದಲ್ಲಿ ದೊಡ್ಡ ಅಪಾಯ ಇರುವುದು ಇಲ್ಲಿ. ‘ನಿಮ್ಮ ತಂದೆಯನ್ನು ಕೇಳಿ’ ಎಂದು ಬರೆಯಬೇಡಿ. ಅಪ್ಪ ತೀರಿಕೊಂಡಿರಬಹುದು, ಬಿಟ್ಟು ಹೋಗಿರಬಹುದು, ಅಪ್ಪ ಅಮ್ಮ ಇಬ್ಬರೂ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋಗಿ ಮಗು ಅಜ್ಜಿಯ ಹತ್ತಿರ ಇರಬಹುದು. ‘ಮನೆಯ ದೊಡ್ಡವರೊಬ್ಬರು’ ಎಂದರೆ ಅತ್ತೆ, ಚಿಕ್ಕಪ್ಪ, ಪಕ್ಕದ ಮನೆಯ ಅವ್ವ ಎಲ್ಲರೂ ಬಂದರು. ವಂಶವೃಕ್ಷ ಬರೆದು ತನ್ನಿ ಎಂಬ ಕೆಲಸವನ್ನು ನಾನು ಕೊಡುವುದಿಲ್ಲ. ಬೆಳಗ್ಗೆ ಏನು ತಿಂದಿರಿ, ಮನೆಯಲ್ಲಿ ಎಷ್ಟು ಕೋಣೆ, ಹಬ್ಬಕ್ಕೆ ಯಾವ ಬಟ್ಟೆ ತಂದರು ಎಂಬ ಪ್ರಶ್ನೆಗಳೂ ಬೇಡ. ಕೆಲವು ಮಕ್ಕಳು ಇವಕ್ಕೆ ಸುಳ್ಳು ಬರೆಯಬೇಕಾಗುತ್ತದೆ, ಮಗುವಿನ ಕೈಯಲ್ಲಿ ಸುಳ್ಳು ಬರೆಸುವ ಪ್ರಶ್ನೆ ಕೆಟ್ಟ ಪ್ರಶ್ನೆ.

ಇನ್ನೊಂದನ್ನು ಒತ್ತಿ ಹೇಳಬೇಕು. ‘ನಿಮ್ಮ ತಾತ ಏನು ಕೆಲಸ ಮಾಡುತ್ತಿದ್ದರು?’ ನೋಡಲು ಮುಗ್ಧ ಪ್ರಶ್ನೆ. ನಮ್ಮ ಹಳ್ಳಿಗಳಲ್ಲಿ ಅದಕ್ಕೆ ಸಿಗುವ ಉತ್ತರ ಮಗುವಿನ ಜಾತಿಯನ್ನು ತರಗತಿಯ ನಡುವೆ ತಂದು ನಿಲ್ಲಿಸುತ್ತದೆ. ಅದರ ಬದಲು ‘ನಿಮ್ಮ ಮನೆಯಲ್ಲಿ ಒಬ್ಬರಿಗೆ ಬಹಳ ಚೆನ್ನಾಗಿ ಬರುವ ಒಂದು ಕೆಲಸ ನೋಡಿಕೊಂಡು ಬಾ, ಹೇಗೆ ಮಾಡುತ್ತಾರೆ ಹೇಳು’ ಎಂದು ಕೇಳಬಹುದು. ಹಗ್ಗ ಹೊಸೆಯುವುದು, ಹೊಲಿಗೆ, ಹೂ ಕಟ್ಟುವುದು, ಬೋರ್‌ವೆಲ್ ಮೋಟಾರ್ ರಿಪೇರಿ ಹೀಗೆ ಯಾವುದಾದರೂ ಬರಬಹುದು, ಏನನ್ನು ಹೇಳಬೇಕೆಂಬ ಆಯ್ಕೆ ಮಗುವಿನದೇ.

7. ತಂದದ್ದಕ್ಕೆ ತರಗತಿಯಲ್ಲಿ ಜಾಗ ಕೊಡಿ

ಕೆಂಪು ಪೆನ್ನಿನಲ್ಲಿ ‘ಗುಡ್’ ಬರೆದು ಮುಚ್ಚಿಟ್ಟ ಹೋಂವರ್ಕು ಅಲ್ಲಿಗೇ ಸತ್ತಿತು. ಬುಧವಾರ ಮಧ್ಯಾಹ್ನದ ಒಂದು ಅವಧಿ ಪೂರ್ತಿ ಮಕ್ಕಳು ತಂದದ್ದಕ್ಕೇ ಮೀಸಲು.

ಜೂನಿನಲ್ಲಿ ಶುರುಮಾಡುವ ಒಂದು ಕೆಲಸ ಮಳೆಗಾಲ ಮುಗಿಯುವ ತನಕ ನಡೆಯುತ್ತದೆ. ಮೃಗಶಿರ, ಆರಿದ್ರ, ಪುನರ್ವಸು ಎಂದು ಮಳೆ ಬದಲಾಗುವುದು ಹದಿಮೂರು ಹದಿನಾಲ್ಕು ದಿನಕ್ಕೊಮ್ಮೆ. ಈ ಮಳೆ ಹೇಗಿರುತ್ತದೆ, ಯಾವ ಬಿತ್ತನೆಗೆ ಹದ ಎಂದು ಮಕ್ಕಳು ಹಿರಿಯರನ್ನು ಕೇಳಿ ಬರುತ್ತಾರೆ. ಶಾಲೆಯ ಅಂಗಳದಲ್ಲಿ ಕತ್ತು ಕತ್ತರಿಸಿದ, ತಳ ಚಪ್ಪಟೆಯಿರುವ ಪ್ಲಾಸ್ಟಿಕ್ ಬಾಟಲಿಗೆ ಅಳತೆಪಟ್ಟಿ ಅಂಟಿಸಿ ಬಿದ್ದ ಮಳೆಯನ್ನು ಮಿಲಿಮೀಟರಿನಲ್ಲಿ ಬರೆಯುತ್ತೇವೆ. ಹಿರಿಯರ ಮಾತು ಒಂದು ಅಂಕಣ, ಬಾಟಲಿಯ ಲೆಕ್ಕ ಇನ್ನೊಂದು. ಕೆಲವೊಮ್ಮೆ ಎರಡೂ ಕೂಡುತ್ತವೆ, ಕೆಲವೊಮ್ಮೆ ಇಲ್ಲ. ಕೂಡದಿದ್ದಾಗ ಯಾರನ್ನೂ ತಪ್ಪೆನ್ನದೆ ಮತ್ತೆ ಮನೆಗೆ ಪ್ರಶ್ನೆ ಕಳಿಸುತ್ತೇನೆ: ‘ಮೊದಲೂ ಹೀಗೇ ಕೈಕೊಡುತ್ತಿತ್ತೇ?’ ಮನೆಯಿಂದ ಬಂದ ಮಾತು ಹಲಗೆಯ ಮೇಲೆ ಉಳಿದಿದೆ ಎಂದು ತಿಳಿದರೆ ಮುಂದಿನ ಸಲ ಮನೆಯವರೇ ಮಗುವನ್ನು ಕರೆದು ಹೇಳುತ್ತಾರೆ.

8. ತರದ ಮಗುವಿಗೆ ಬೇರೆ ದಾರಿ ಇಡಿ

ನಿಲ್ಲಿಸುವುದು, ಹೊರಗೆ ಕಳಿಸುವುದು, ಎಲ್ಲರೆದುರು ‘ಯಾಕೆ ತಂದಿಲ್ಲ’ ಎನ್ನುವುದು ಯಾವುದೂ ಬೇಡ. ಸಂಜೆ ಮನೆಯಲ್ಲಿ ಮಾತಾಡಿಸುವವರೇ ಇಲ್ಲದ ಮಕ್ಕಳಿದ್ದಾರೆ, ಕುಡಿದು ಬಂದವರ ಮುಂದೆ ಬಾಯಿ ತೆರೆಯಲು ಹೆದರುವ ಮಕ್ಕಳಿದ್ದಾರೆ. ಅವರನ್ನು ನಾನು ಬಿಸಿಯೂಟದ ಅಡುಗೆ ಅಮ್ಮನ ಹತ್ತಿರ ಕಳಿಸುತ್ತೇನೆ. ಕಿರಿಯ ಪ್ರಾಥಮಿಕದ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ ಎಂಬ ಲೆಕ್ಕ ಅವರಿಗೆ ಬಾಯಿಪಾಠ. ಇವತ್ತು 60 ಮಕ್ಕಳು ಬಂದಿದ್ದರೆ ಅಕ್ಕಿ ಎಷ್ಟು ಕಿಲೋ, ನೀರು ಎಷ್ಟು ಕೊಡ, ಬೇಳೆ ಯಾವಾಗ ಹಾಕುತ್ತಾರೆ? ಆ ಮಗು ತರುವ ಉತ್ತರ ಉಳಿದವರದ್ದಕ್ಕಿಂತ ಒಂದು ತೂಕ ಹೆಚ್ಚೇ ಇರುತ್ತದೆ. ‘ಮನೆಯ ದೊಡ್ಡವರು’ ಎಂಬ ಮಾತಿನಲ್ಲಿ ಅಡುಗೆ ಅಮ್ಮನೂ ಸೇರಿದ್ದಾರೆ ಎಂದು ಎಲ್ಲ ಮಕ್ಕಳಿಗೂ ವರ್ಷದ ಮೊದಲೇ ಹೇಳಿಡಿ. ಆಗ ಯಾವ ಮಗುವೂ ಬೇರೆಯಾಗಿ ಕಾಣುವುದಿಲ್ಲ.

9. ವಾಟ್ಸ್‌ಆ್ಯಪ್ ಗುಂಪನ್ನು ನಂಬಬೇಡಿ

ಫೋನು ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೋಗಿರುತ್ತದೆ. ಪ್ರಶ್ನೆಯನ್ನು ಮಕ್ಕಳಿಂದಲೇ ಎರಡು ಸಲ ಬಾಯಲ್ಲಿ ಹೇಳಿಸಿ ಕಳಿಸಿ. ಒಂದೇ ವಾಕ್ಯದಲ್ಲಿ ಹೇಳಲಾಗದ ಪ್ರಶ್ನೆ ಮನೆ ತಲುಪುವ ಹೊತ್ತಿಗೆ ಬೇರೇನೋ ಆಗಿರುತ್ತದೆ.

10. ಕೊಡದ ವಾರಗಳೂ ಇರಲಿ

ಕಡ್ಲೆಕಾಯಿ ಕೀಳುವ ವಾರ, ರಾಗಿ ಕೊಯ್ಲಿನ ವಾರ, ಊರಹಬ್ಬದ ವಾರ ನಾನು ಏನೂ ಕೊಡುವುದಿಲ್ಲ. ಜೂನ್ ತಿಂಗಳ ಎಸ್‌ಡಿಎಂಸಿ ಸಭೆಯಲ್ಲೇ ಆ ವಾರಗಳು ಯಾವುವೆಂದು ಪೋಷಕರನ್ನು ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿಕೊಳ್ಳುತ್ತೇನೆ. ಮಳೆ ಹಿಂದೆ ಮುಂದೆ ಆದ ವರ್ಷ ಗುರುತನ್ನೂ ಜರುಗಿಸಬೇಕಾಗುತ್ತದೆ, ಅದನ್ನು ಹೇಳಲು ತಾಯಂದಿರು ಶಾಲೆಯ ಗೇಟಿನ ತನಕ ತಾವಾಗಿ ಬರುತ್ತಾರೆ. ದಸರಾ ರಜೆಗೆ ಒಂದೇ ಪ್ರಶ್ನೆ, ಅದೂ ಬಾಯಿಮಾತಿನದು. ಪ್ರತಿ ಸಲ ಹೊಸದನ್ನು ಹುಡುಕಬೇಕಾಗಿಯೂ ಇಲ್ಲ. ಹೋದ ವರ್ಷ ಅಕ್ಕ ಕೇಳಿದ ಪ್ರಶ್ನೆಯನ್ನೇ ಈ ವರ್ಷ ತಮ್ಮ ಕೇಳಲಿ, ಎರಡು ಉತ್ತರಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ.